ಸನ್ಮಾನದ ದಿನ ನಾನು ಮಾತಾಡಿದ್ದು

ಕಳೆದ ವರ್ಷ ಮಗಳ ಆಫೀಸಿನ ಸಹೋದ್ಯೋಗಿಯೊಬ್ಬ ಡ್ಯಾನ್‌ವಿಲ್‌ನಿಂದ ಯೂನಿಯನ್ ಸಿಟಿಯ ನಮ್ಮ ಮನೆಗೆ ಬಂದ. ಐವತ್ತರ ಆಸುಪಾಸು, ಸಾಧು ಮುಖ. ತನ್ನ ಅಪ್ಪ ಯಾರೆಂದು ಹೇಳಿದ. ಅದನ್ನು ಕೇಳಿದ ಮೇಲೂ ಮುಖದಲ್ಲಿ ನಗು ಇಟ್ಟುಕೊಂಡೆ.

"ಆಂಟಿ, ಅಪ್ಪ ಆಫ್ರಿಕಾದಲ್ಲಿ ಫ್ಯಾಕ್ಟರಿ ಕಟ್ಟಿದಾಗ ನೀವೂ ಅವ್ರ ಟೀಮಲ್ಲಿದ್ರಂತೆ, ನಿಮ್ಮ ಮಗಳು ಹೇಳಿದ್ರು. ಸ್ಯಾನ್ ಮಟಿಯೋದಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ಅವ್ರಿಗೆ ಸನ್ಮಾನ ಇಟ್ಕೊಂಡಿದ್ದಾರೆ. ನೀವು ಬಂದು ಎರಡು ಮಾತಾಡ್ಬೇಕು."

"ನಿಮ್ಮಪ್ಪ ಹೇಳಿ ಕಳಿಸಿದ್ರಾ?"

"ಇಲ್ಲ ಆಂಟಿ, ನೀವು ಬರೋದು ಅವ್ರಿಗೆ ಸರ್‌ಪ್ರೈಸು."

"ಖಂಡಿತ ಬರ್ತೀನಪ್ಪ" ಎಂದೆ.

ಆ ಫ್ಯಾಕ್ಟರಿ ಕಟ್ಟಿದ ಕಾಲದಲ್ಲಿ, ಈ ದೇಶಕ್ಕೆ ಬರುವ ಎಷ್ಟೋ ವರ್ಷ ಮೊದಲು, ನಾನು ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಪೂರ್ವ ಆಫ್ರಿಕಾದ ಸಮಾಜವಾದಿ ದೇಶವೊಂದು ತನಗೆ ಬೇಕಾದ ಸ್ವಿಚ್ಚು, ಫ್ಯೂಸು, ಹೋಲ್ಡರುಗಳನ್ನು ತಾನೇ ತಯಾರಿಸಿಕೊಳ್ಳಲು ಹೊರಟಿತ್ತು. ಅಲ್ಲಿಯವರೆಗೆ ಒಂದು ಬಲ್ಬ್ ಹೋಲ್ಡರು ಬೇಕೆಂದರೂ ಹಡಗಿಗೆ ಕಾಯಬೇಕಿತ್ತು. ಆ ಸರ್ಕಾರಕ್ಕೆ ಕಾರ್ಖಾನೆ ಕಟ್ಟಿಕೊಡಲು ನಮ್ಮ ತಂಡ ಹೋಯಿತು. ಈ ಹುಡುಗನ ಅಪ್ಪ ನಮ್ಮ ಮುಖ್ಯಸ್ಥರು.

ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪುಡಿಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಸ್ವಿಚ್ಚಿನ ಮೈ ಮಾಡುವ ವಿಭಾಗ ನನ್ನದು. ಕೆಲಸಗಾರರೆಲ್ಲ ಅಲ್ಲಿಯ ಹೆಂಗಸರೇ. ಅವರ ಮೇಲ್ವಿಚಾರಕಿ ನನಗಿಂತ ತುಸು ದೊಡ್ಡವಳು, ತನ್ನ ಭಾಷೆಯಲ್ಲಿ ನನ್ನನ್ನು ತಂಗಿ ಎಂದು ಕರೆಯುತ್ತಿದ್ದಳು. ಭಾನುವಾರ ಅವಳ ಮನೆಯಲ್ಲಿ ಮೆಕ್ಕೆಜೋಳದ ಮುದ್ದೆ, ಅದಕ್ಕೆ ನಾನು ಮಾಡಿಕೊಂಡು ಹೋದ ಹುಳಿ. ಮೊದಲ ಸ್ವಿಚ್ಚು ಜೋಡಣೆಯಾಗಿ ಬಂದ ದಿನ ಅದನ್ನು ಕಿವಿಯ ಹತ್ತಿರ ಹಿಡಿದು ಟಕ್ ಟಕ್ ಎನ್ನಿಸುತ್ತಾ, "ನಮ್ಮದು, ಇದು ನಮ್ಮದೇ" ಎಂದು ಎಲ್ಲರಿಗೂ ಕೇಳಿಸಿದ್ದಳು.

ಮಂತ್ರಿಗಳು ಉದ್ಘಾಟನೆಗೆ ಬರುವ ದಿನ ಹತ್ತಿರವಾಯಿತು. ಅಷ್ಟರೊಳಗೆ ಗೋದಾಮು ತುಂಬಿರಬೇಕೆಂದು ಮುಖ್ಯಸ್ಥರು ಅಚ್ಚಿನಲ್ಲಿ ಬೇಯಿಸುವ ಹೊತ್ತನ್ನು ಅರ್ಧಕ್ಕಿಳಿಸಿದರು.

"ಒಳಗೆ ಹಸಿ ಉಳಿಯುತ್ತೆ ಸಾರ್. ಬಿಸಿಯಾದ್ರೆ ಸೀಳು ಬಿಡುತ್ತೆ" ಎಂದೆ. ಮೇಲ್ವಿಚಾರಕಿಯೂ ಅಚ್ಚೊತ್ತುವ ಪ್ರೆಸ್ಸು ನಿಲ್ಲಿಸಿ ಅದನ್ನೇ ಹೇಳಿದಳು.

"ನಾನು ಹೇಳಿದಷ್ಟು ಮಾಡ್ರಮ್ಮ" ಎಂದರು.

ಆ ಸ್ವಿಚ್ಚುಗಳು ಒಂದು ಹೆರಿಗೆ ಆಸ್ಪತ್ರೆಗೆ ಹೋದವು. ಅಲ್ಲಿ ಒಂದು ಸಿಡಿದು ನರ್ಸೊಬ್ಬಳ ಕೈ ಸುಟ್ಟಿತು. ಸರ್ಕಾರಿ ಕಾರ್ಖಾನೆಯಲ್ಲಿ ಹೀಗಾದರೆ ಆ ದೇಶದಲ್ಲಿ ಅದನ್ನು ತಪ್ಪು ಎನ್ನುತ್ತಿರಲಿಲ್ಲ, ಕ್ರಾಂತಿಗೆ ದ್ರೋಹ ಎನ್ನುತ್ತಿದ್ದರು. ವಿಚಾರಣೆಯಲ್ಲಿ ಮುಖ್ಯಸ್ಥರು, "ಮೇಲ್ವಿಚಾರಕಿ ಬೇಕೆಂದೇ ಹೊತ್ತು ಇಳಿಸಿದಳು, ಎಂಜಿನಿಯರಮ್ಮ ಗಮನಿಸಲಿಲ್ಲ" ಎಂದುಬಿಟ್ಟರು. ನಾನು ಗಂಟಲು ಹರಿದುಕೊಂಡರೂ ಯಾರೂ ನಂಬಲಿಲ್ಲ. ಅವಳನ್ನು ಪೊಲೀಸರು ಪ್ರೆಸ್ಸಿನ ಮುಂದಿನಿಂದಲೇ ಜೀಪಿಗೆ ಹತ್ತಿಸಿದರು. ನನ್ನನ್ನು ವಿಮಾನಕ್ಕೆ ಹತ್ತಿಸಿದರು. ಅವಳು ಏನಾದಳೆಂದು ವರ್ಷಗಟ್ಟಲೆ ವಿಚಾರಿಸಿದೆ, ಗೊತ್ತಾಗಲಿಲ್ಲ. ಮುಖ್ಯಸ್ಥರಿಗೆ ಬಡ್ತಿ ಸಿಕ್ಕಿತು.

ಸನ್ಮಾನದವರೆಗಿನ ವಾರಗಳಲ್ಲಿ, ಮನೆಯಲ್ಲಿ ಯಾರೂ ಇಲ್ಲದಾಗ, ಆಡಬೇಕಾದ ಮಾತನ್ನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಅಭ್ಯಾಸ ಮಾಡಿದೆ. ಅಷ್ಟು ಖುಷಿಯಿಂದ ಸಾರಿಗೆ ಒಗ್ಗರಣೆ ಹಾಕಿ ಎಷ್ಟೋ ಕಾಲವಾಗಿತ್ತು.

ಆ ದಿನ ಅವರು ಮೈಸೂರು ಪೇಟ ತೊಟ್ಟು ವೇದಿಕೆಯ ಮೇಲೆ ಕುಳಿತಿದ್ದರು. "ನಾನು ಕಟ್ಟಿದ ಫ್ಯಾಕ್ಟರಿಯಿಂದ ಒಂದೇ ಒಂದು ಕಂಪ್ಲೇಂಟ್ ಬಂದಿಲ್ಲ" ಎಂದು ಭಾಷಣ ಮುಗಿಸಿದರು. ಜೋರು ಚಪ್ಪಾಳೆ. ಆಮೇಲೆ ಮಗ ನನ್ನನ್ನು ಕರೆದ. ನನ್ನ ಗುರುತು ಹತ್ತಿದಾಗ ಅವರ ಮುಖ ಬಿಳಿಚಿಕೊಂಡಿತು. ಅದನ್ನು ಕಣ್ತುಂಬ ನೋಡಿಕೊಂಡು ಮೈಕು ಹಿಡಿದೆ.

ಅಳಲಿಲ್ಲ, ಬೈಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕೊನೆಗೆ ಅವರತ್ತ ತಿರುಗಿ, "ಸಾರ್, ಜೀಪಿಗೆ ಹತ್ತಿಸಿದ್ರಲ್ಲ, ಅವಳ ಹೆಸರು ಹೇಳಿ" ಎಂದೆ.

ಅವರು, "ಅದೆಲ್ಲ ಹಳೇ ಕಾಲದ್ದು... ಯಾರಿಗೆ ನೆನಪಿರುತ್ತೆ?" ಎಂದರು.

"ನನಗೆ" ಎಂದು ಅವಳ ಹೆಸರನ್ನು ಮೈಕಿನಲ್ಲಿ ಹೇಳಿ ಕೆಳಗಿಳಿದೆ. ಚಪ್ಪಾಳೆ ಬರಲಿಲ್ಲ. ಅವರ ಹೆಂಡತಿ ಎದ್ದು ಹೊರಗೆ ಹೋದರು.

ಮನೆಗೆ ಹಿಂತಿರುಗುತ್ತಾ ಸೇತುವೆ ದಾಟುವಾಗ ಮಗಳು, "ಅಮ್ಮಾ, ಅಷ್ಟು ಜನರ ಮುಂದೆ... ಸ್ವಲ್ಪ ಜಾಸ್ತಿ ಆಯ್ತು ಅಲ್ವಾ? ಅವ್ರಿಗೆ ಎಂಬತ್ತು ದಾಟಿದೆ" ಎಂದಳು.

"ಕಮ್ಮಿ ಆಯ್ತು" ಎಂದೆ.

ಮುಂದಿನ ವಾರ ಆ ಮಗ ಮತ್ತೆ ಬಂದ, ಒಬ್ಬನೇ. "ಅಪ್ಪ ಏನೂ ಹೇಳ್ತಿಲ್ಲ ಆಂಟಿ. ನೀವೇ ಪೂರ್ತಿ ಹೇಳಿ" ಎಂದ. ಪಾಪ, ಅವನೇನು ಮಾಡಿದ್ದ? ಅರ್ಧಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ವಿಚಾರಣೆಯಲ್ಲಿ ಅವನ ಅಪ್ಪ ಆಡಿದ ಒಂದೊಂದು ಮಾತನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ, ಕಾಫಿ ಮುಟ್ಟಲಿಲ್ಲ, ಹೊರಡುವಾಗ ನನ್ನ ಕಾಲಿಗೆ ನಮಸ್ಕರಿಸಿದ. ಅವನ ಕಾರು ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಈಗಲಾದರೂ ಆ ಅಪ್ಪ ಮಗನ ಮೇಲೆ ನನ್ನಲ್ಲಿ ಕನಿಕರ ಹುಟ್ಟೀತೆಂದು ಕಾದೆ. ಹುಟ್ಟಲಿಲ್ಲ.