ಬಸಿದ ನೀರು ಚೆಲ್ಲುವ ಅಂಕಮ್ಮ

ಜೆ.ಪಿ. ನಗರದ ಆ ಅಡುಗೆಮನೆಯಲ್ಲಿ ದೀಪ ಹೊತ್ತಿದಾಗ ಬೀದಿಗೆ ಹಾಲಿನವನೂ ಬಂದಿಲ್ಲ. ಅಡುಗೆ ಕೆಲಸದ ಅಂಕಮ್ಮ ಸಣ್ಣಗೆ ಹೆಚ್ಚಿದ ಎಲೆಕೋಸು, ಹುರುಳಿಕಾಯಿಯನ್ನು ಪಾತ್ರೆ ತುಂಬ ನೀರಿನಲ್ಲಿ ಬೇಯಿಸಿ, ತಟ್ಟೆ ಅಡ್ಡ ಹಿಡಿದು ಬಸಿಯುತ್ತಾರೆ. ತಿಳಿಹಸಿರು ನೀರು ಹಬೆಯಾಡುತ್ತ ಸಿಂಕಿಗೆ ಇಳಿಯುತ್ತದೆ. ಅದರ ಘಮ ಹರಡುವಷ್ಟರಲ್ಲಿ ನಡುಮನೆಯಿಂದ ಮನೆಯ ಹಿರಿಯ ಯಲ್ಲಯ್ಯನವರ ದನಿ.

"ಚೆಲ್ಲಿಬಿಟ್ಯಾ? ಕೈಯಾದ್ರೂ ಹೆಂಗೆ ಬರುತ್ತಮ್ಮ ನಿಂಗೆ?"

"ಬೆಳಿಗ್ಗೆ ಬೆಳಿಗ್ಗೆನೇ ಶುರು ಹಚ್ಕೊಂಡ್ರಾ ಯಜಮಾನ್ರೇ" ಎನ್ನುತ್ತ ಅಂಕಮ್ಮ ಇನ್ನೊಂದು ಪಾತ್ರೆ ಒಲೆಗಿಡುತ್ತಾರೆ.

ಯಲ್ಲಯ್ಯ ಸಾರಕ್ಕಿ ಮಾರುಕಟ್ಟೆಯಲ್ಲಿ ಆಯುಸ್ಸೆಲ್ಲ ಸೊಪ್ಪು ಮಾರಿದವರು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೆಟ್ಟ ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಎದೆಬಡಿತಕ್ಕೇ ಕುತ್ತು. ತರಕಾರಿಯಲ್ಲಿರುವ ಪೊಟ್ಯಾಸಿಯಂನ ಒಂದಷ್ಟು ಪಾಲು ಬೇಯಿಸಿದ ನೀರಿಗೆ ಇಳಿದುಹೋಗುತ್ತದೆ, ಅದಕ್ಕೇ ಆ ನೀರು ಚೆಲ್ಲುವುದು. ಕನಕಪುರದ ಕಡೆಯ ಅಂಕಮ್ಮನಿಗೆ ಇದು ತಲೆಕೆಳಗಾದ ಅಡುಗೆ. ಅವರ ಊರಿನಲ್ಲಿ ಬಸಿದ ನೀರಿಗೇ ಖಾರ ಅರೆದು ಹಾಕಿ ಬಸ್ಸಾರು ಮಾಡುವುದು. "ಮೊದಮೊದ್ಲು ಚೆಲ್ಲೋವಾಗ ನಮ್ಮವ್ವ ಹಿಂದೆ ನಿಂತು ನೋಡ್ತಾವ್ಳೆ ಅನ್ಸೋದು" ಎನ್ನುತ್ತಾರೆ.

ಅಂಕಮ್ಮನ ಅಕ್ಕನ ಕಿಡ್ನಿ ಕೆಟ್ಟಾಗ ಆಸ್ಪತ್ರೆಯ ಡಯಟಿಷಿಯನ್ ಹೇಳಿಕೊಟ್ಟ ವಿದ್ಯೆ ಇದು. ಅಕ್ಕ ಹೋದ ಮೇಲೆ, ಅಲ್ಲೇ ಪರಿಚಯವಾದವರ ಮನೆಗಳಿಗೆ ಅಡುಗೆಗೆ ನಿಂತರು. ಗೊಟ್ಟಿಗೆರೆಯಿಂದ ಮೊದಲ ಬಸ್ಸು ಹಿಡಿದು ಬಂದು ಮೂರು ಮನೆ ಮುಗಿಸುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ. ಹುಣಿಸೆ, ಟೊಮೆಟೊ, ಉಪ್ಪಿನಕಾಯಿ, ಹಪ್ಪಳ ಒಲೆಯ ಹತ್ತಿರ ಸುಳಿಯುವಂತಿಲ್ಲ. ದಿನದ ಉಪ್ಪನ್ನು ಬೆಳಿಗ್ಗೆಯೇ ಅಳೆದು ಬಟ್ಟಲಿಗೆ ಹಾಕಿಟ್ಟರೆ ರಾತ್ರಿವರೆಗೂ ಅಷ್ಟೇ. "ಕೆಲಸ ಬಿಡಿಸಿದೋರೂ ಅವ್ರೆ. ಕಾಸು ಕೊಟ್ಟು ಸಪ್ಪೆ ಉಣ್ಬೇಕಾ ಅಂತಾರೆ. ಅವ್ರದೂ ತಪ್ಪಲ್ಲ ಬಿಡಿ."

ಹೋದ ತಿಂಗಳು ಯಲ್ಲಯ್ಯ ಊಟವನ್ನೇ ಬಿಟ್ಟರು. ತಟ್ಟೆ ಸರಿಸಿ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಹೀಗೇ ಆದರೆ ಡಯಾಲಿಸಿಸ್ ತಡೆಯುವ ಶಕ್ತಿಯೂ ಉಳಿಯುವುದಿಲ್ಲ ಎಂದರು ವೈದ್ಯರು. ಸೊಸೆ ಲತಾಮಣಿ ಕಣ್ಣೊರೆಸಿಕೊಂಡು, "ಒಂದೇ ಒಂದ್ಸಲ ಆ ನೀರಲ್ಲೇ ಸಾರು ಮಾಡಿಬಿಡಿ ಅಕ್ಕ, ಒಂದು ತುತ್ತಾದ್ರೂ ಉಣ್ಲಿ" ಎಂದರು.

ಅಂಕಮ್ಮ ಒಪ್ಪಲಿಲ್ಲ. ಡಯಟಿಷಿಯನ್‌ಗೆ ಫೋನ್ ಮಾಡಿ, ಸಾರಿಗೆ ಏನೇನು ಹಾಕಬಹುದೆಂದು ಕೇಳಿದರು. ಬಸಿದ ನೀರನ್ನು ಚೆಲ್ಲಿಯೇ ಚೆಲ್ಲಿದರು. ಹೊಸ ನೀರಿಗೆ ಸುಟ್ಟ ಬೆಳ್ಳುಳ್ಳಿ, ಮೆಣಸು, ಜೀರಿಗೆ ಅರೆದು ಹಾಕಿ, ಬೆಂದ ತರಕಾರಿಯನ್ನೇ ಒಂದಿಷ್ಟು ರುಬ್ಬಿ ಸೇರಿಸಿ, ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆ ಹಿಂಡಿದರು. ಕುಡಿಯುವ ನೀರಿಗೂ ಮಿತಿ ಇರುವುದರಿಂದ ಸಾರು ಸಣ್ಣ ಬಟ್ಟಲಿನಷ್ಟು ಮಾತ್ರ.

ಇವತ್ತೂ ಅದೇ ಸಾರು. ಆಸ್ಪತ್ರೆಗೆ ಹೊರಡುವ ಮುನ್ನ ಯಲ್ಲಯ್ಯ ಅನ್ನಕ್ಕೆ ಕಲಸಿಕೊಂಡು ಬಾಯಿಗಿಡುತ್ತಾರೆ. "ಇದನ್ನ ಬಸ್ಸಾರು ಅಂತ ಯಾರಾದ್ರೂ ಕರೀತಾರಾ? ಸೊಪ್ಪು ಮಾರಿದೋನ್ಗೇ ಟೋಪಿ ಹಾಕ್ತೀಯಾ" ಎಂದು ಗೊಣಗುತ್ತಲೇ ತಟ್ಟೆ ಬರಿದು ಮಾಡುತ್ತಾರೆ.

ಲತಾಮಣಿ ಮುಜುಗರಪಟ್ಟು, "ಮಾವ, ಸಾಕು ಸುಮ್ನಿರಿ" ಎನ್ನಲು ಹೋದರೆ, ಪಾತ್ರೆ ಉಜ್ಜುತ್ತಿದ್ದ ಅಂಕಮ್ಮ ತಡೆಯುತ್ತಾರೆ.

"ಬೈಲಿ ಬಿಡವ್ವ. ಹೋದ ತಿಂಗ್ಳು ಬೈಯೋಕೂ ತ್ರಾಣ ಇರ್ಲಿಲ್ಲ."