ಬೆನ್ನು ತಿರುಗಿಸಿದ ಪಾರಿವಾಳಗಳು

ಬೀದಿ ಇನ್ನೂ ಆಕಳಿಸುತ್ತಿದೆ. ಕಸ ಗುಡಿಸುವ ಹೆಂಗಸು ಒಂದು ತುದಿಯಿಂದ ಬರುತ್ತಿದ್ದಾಳೆ, ಹಾಲಿನ ಗಾಡಿ ಇನ್ನೊಂದು ತುದಿಯಿಂದ. ಬಟ್ಟೆ ಅಂಗಡಿಯ ಮುಂದೆ ಕಟ್ಟಿದ ಬೊಂಬಿನ ಸಾರುವೆಯ ಮೇಲೆ, ಮಹಡಿಯ ಕಿಟಕಿಗಳ ಎತ್ತರದಲ್ಲಿ, ಒಬ್ಬ ಹಿರಿಯರು ಹಳೆಯ ಗೋಡೆಗೆ ಅಂಗೈ ಒತ್ತಿ ನಿಂತಿದ್ದಾರೆ. ರಾತ್ರಿ ಜ್ವರ ಬಂದ ಮಗುವಿನ ಹಣೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡುತ್ತೇವಲ್ಲ, ಹಾಗೆ.

"ಒಳಗೆ ಟೊಳ್ಳಾಗಿದ್ರೆ ಕೈಗೇ ಗೊತ್ತಾಗುತ್ತೆ," ಅನ್ನುತ್ತಾರೆ, ಪತ್ರಿಕೆಗೆ ಬರೆದುಕೊಳ್ಳಲು ಬಂದ ನನಗೆ. "ಅಂಥಾ ಕಡೆ ಡ್ರಿಲ್ಲು ಇಟ್ರೆ ಗಾರೆ ಎಲ್ಲಾ ಉದುರಿ ಹೋಗುತ್ತೆ. ನಾನು ಇಟ್ಟಿಗೆ ಸಂದೀಲಿ ಮಾತ್ರ ತೂತು ಹೊಡೆಯೋದು. ಸಂದಿ ಮುಚ್ಚಬಹುದು, ಇಟ್ಟಿಗೆಗೆ ಬಿದ್ದ ತೂತು ಹಾಗೇ ಉಳಿಯುತ್ತೆ."

ಪೇಟೆಯವರು ಇವರನ್ನು ಕರೆಯುವುದು ತಗಡು ಮಾವ ಎಂದು. ಹಳೆಯ ಕಟ್ಟಡಗಳ ಮುಂಭಾಗಕ್ಕೆ ಉಕ್ಕಿನ ಕಂಬಿ ನಿಲ್ಲಿಸಿ, ಅದರ ಮೇಲೆ ನುಣುಪಾದ ಅಲ್ಯೂಮಿನಿಯಂ ಹಲಗೆ ಕೂರಿಸುವುದು ಕಸುಬು. ಈ ಬೀದಿಯ ಔಷಧಿ ಅಂಗಡಿ, ಕನ್ನಡಕದ ಅಂಗಡಿ, ಮೂಲೆಯ ಬ್ಯಾಂಕು, ಎಲ್ಲದರ ಹಲಗೆಯ ಹಿಂದೆಯೂ ಕಮಾನು, ಗಾರೆಯ ಬಳ್ಳಿ, ಬಣ್ಣದ ಗಾಜು ಇವೆ. ದಿನವೂ ಓಡಾಡುವ ನಮಗೆ ಅದು ಗೊತ್ತೇ ಇಲ್ಲ. "ಇಡೀ ಬೀದಿಗೆ ಮುಸುಕು ಹಾಕಿದೋನು ನಾನೇ," ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಅಂಗಡಿಗಳು ತೆರೆದ ಮೇಲೆ ಪಾದಚಾರಿಗಳ ತಲೆಯ ಮೇಲೆ ಕೆಲಸ ಮಾಡುವಂತಿಲ್ಲ. ಹಾಗಾಗಿ ಎಲ್ಲ ಭಾರದ ಕೆಲಸವೂ ಈ ಹೊತ್ತಿನಲ್ಲೇ. ಮೊಣಕಾಲು ಸವೆದಿದೆ, ಡ್ರಿಲ್ಲಿನ ಸದ್ದಿಗೆ ಒಂದು ಕಿವಿ ಮಂದವಾಗಿದೆ. "ಒಳ್ಳೇದೇ ಆಯ್ತು. ಗುತ್ತಿಗೆದಾರರು ಬೈಯೋವಾಗ ಆ ಕಿವೀನೇ ಕೊಡ್ತೀನಿ."

ಆದರೆ ಇವತ್ತು ಅವರು ಇನ್ನೂ ಸುತ್ತಿಗೆ ಮುಟ್ಟಿಲ್ಲ. ಬಟ್ಟೆ ಅಂಗಡಿಯ ಕೊನೆಯ ಕಿಟಕಿಯೊಂದೇ ಉಳಿದಿದೆ. ಅದರ ಮೇಲಿನ ಗಾರೆಯ ಪಾರಿವಾಳಗಳನ್ನು ಮಾಡಿದ್ದು ಅವರ ಹೆಂಡತಿ.

ಆಕೆ ಗಾರೆ ಕೆಲಸದವರು. ಉದುರಿದ ಹೂವು, ಮುರಿದ ಹಕ್ಕಿಗಳನ್ನು ಅಚ್ಚು ತೆಗೆದು ಮತ್ತೆ ಎರೆಯುತ್ತಿದ್ದವರು. ಈ ಕಟ್ಟಡದ ಪ್ರತಿ ಕಿಟಕಿಯ ಮೇಲೂ ಎರಡು ಪಾರಿವಾಳ, ಎದೆಯುಬ್ಬಿಸಿ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ಕೊನೆಯ ಕಿಟಕಿಯ ಜೋಡಿ ಮಾತ್ರ ಮಳೆಗೆ ಬಿದ್ದುಹೋಗಿತ್ತು. ಆಗಿನ ಯಜಮಾನರು ಅದನ್ನು ಆಕೆಗೆ ಒಪ್ಪಿಸಿದರು. ಆಕೆ ಪಕ್ಕದ ಜೋಡಿಯಿಂದ ಅಚ್ಚು ತೆಗೆದರು. ಹೊಸ ಗಾರೆ ಬೇಗ ಒಣಗಿದರೆ ಸೀಳುತ್ತದೆ, ಅದಕ್ಕೇ ಎರಕದ ಹಕ್ಕಿಗೆ ಒದ್ದೆ ಗೋಣಿ ಸುತ್ತಿಯೇ ಗೋಡೆಗೆ ಕೂರಿಸಿ, ಮಾರನೇ ದಿನ ಬಿಚ್ಚುತ್ತಾರೆ. ಗೋಣಿ ಸುತ್ತಿದ ಹಕ್ಕಿಗಳನ್ನು ಕೆಳಗಿನಿಂದ ಎತ್ತಿ ಕೊಟ್ಟವರು ಗಂಡ. ಮೇಲೆ ಕೂರಿಸಿದವರು ಹೆಂಡತಿ.

ಮಾರನೇ ದಿನ ಗೋಣಿ ಬಿಚ್ಚಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ! ಹಕ್ಕಿಗಳು ಬೆನ್ನಿಗೆ ಬೆನ್ನು ಹಾಕಿ ಕೂತಿದ್ದವು. ಗಾರೆ ಗಟ್ಟಿಯಾಗಿತ್ತು.

"'ನೀವು ತಪ್ಪು ಕೊಟ್ರಿ' ಅಂತ ಅವಳು. 'ನೀನು ನೋಡಿ ಇಡ್ಬೇಕಿತ್ತು' ಅಂತ ನಾನು. ಮನೇಲಿ ಒಂದು ವಾರ ನಾವೂ ಆ ಹಕ್ಕಿಗಳ ಥರಾನೇ ಇದ್ವಿ," ಅನ್ನುತ್ತಾರೆ. "ಯಜಮಾನ್ರು ನೋಡಿ ನಕ್ಬಿಟ್ರು, ಇರ್ಲಿ ಬಿಡಿ ಅಂದ್ರು. ಇವಳಿಗೆ ಮಾತ್ರ ಸಮಾಧಾನ ಇಲ್ಲ. 'ಮುಂದಿನ ಸಲ ಸಾರುವೆ ಕಟ್ಟಿದಾಗ ಸರಿ ಮಾಡ್ತೀನಿ' ಅಂತಿದ್ಲು."

ಮುಂದಿನ ಸಲ ಸಾರುವೆ ಕಟ್ಟುವ ಹೊತ್ತಿಗೆ ಆಕೆ ಇರಲಿಲ್ಲ. ಸುಣ್ಣದ ಧೂಳು ಎದೆಗೆ ಇಳಿದಿತ್ತು. ಹೋಗಿ ಎರಡು ವರ್ಷವಾಯಿತು. ಯಜಮಾನರೂ ಹೋದರು, ಅಂಗಡಿ ಮಗನ ಕೈಗೆ ಬಂತು. ಆತ ಕೆಟ್ಟವನಲ್ಲ. "ಗೋಡೆ ಹಳೇದಾದ್ರೆ ಮಾಲೂ ಹಳೇದು ಅಂದ್ಕೋತಾರೆ ಮಾವ, ನಾನೇನು ಮಾಡ್ಲಿ?" ಎಂದನಂತೆ.

ಹಲಗೆಗಳ ಅಗಲ ಕಾರ್ಖಾನೆಯಲ್ಲೇ ತೀರ್ಮಾನವಾಗಿ ಬರುತ್ತದೆ. ಲೆಕ್ಕದ ಪ್ರಕಾರ ಪ್ರತಿ ಕಿಟಕಿಯ ನಟ್ಟನಡುವೆ ಒಂದು ಕಂಬಿ ಗೋಡೆಗೆ ಅಂಟಿ ನಿಲ್ಲಬೇಕು. ಅಡ್ಡ ಬಂದದ್ದನ್ನು ಒಡೆಯಬೇಕು. ಕಸುಬಿನಲ್ಲಿ ಇದಕ್ಕೆ 'ಮೂಗು ಹೊಡೆಯುವುದು' ಎನ್ನುತ್ತಾರೆ. ಕಂಬಿಯನ್ನು ಒಂದು ಗೇಣು ಸರಿಸಲು ತಗಡು ಮಾವ ಕೇಳಿದರು. ಗುತ್ತಿಗೆದಾರರು ಒಪ್ಪಲಿಲ್ಲ. ಒಂದಾದ ಮೇಲೊಂದು ಕಿಟಕಿಯ ಪಾರಿವಾಳಗಳ ಕೊಕ್ಕು, ಎದೆ ಹೋದವು. ಸುತ್ತಿಗೆ ಹಿಡಿಯಲು ಮಾವ ಬೇರೆಯವರನ್ನು ಬಿಡಲಿಲ್ಲ. "ಬೇರೆಯೋರು ಹೊಡೆದ್ರೆ ರೆಕ್ಕೇನೂ ಹೋಗುತ್ತೆ. ನಾನಾದ್ರೆ ಬೇಕಾದಷ್ಟೇ ತೆಗೀತೀನಿ." ತೆಗೆದ ಚೂರುಗಳನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಆಯಾ ಕಿಟಕಿಯ ಅಂಚಿನಲ್ಲೇ ಇಟ್ಟು, ಮೇಲೆ ಹಲಗೆ ಮುಚ್ಚುತ್ತಾರೆ. ಈ ಬೀದಿಯ ಎಲ್ಲ ಮುಸುಕುಗಳ ಹಿಂದೆಯೂ ಅಂಥ ಚೀಲಗಳಿವೆ.

ಕೊನೆಯ ಕಿಟಕಿಯ ಅಳತೆ ಮಾತ್ರ ಅವರು ಇದುವರೆಗೆ ತೆಗೆದಿರಲಿಲ್ಲ. ಮನಸ್ಸು ಬರಲಿಲ್ಲವಂತೆ.

ಬುತ್ತಿ ತಂದ ಮಗಳು ಕೆಳಗೆ ನಿಂತಿದ್ದಾಳೆ. ಮೇಲೆ ಅವರು ತೂಕದ ಗುಂಡು ಕಟ್ಟಿದ ದಾರವನ್ನು ಇಳಿಬಿಡುತ್ತಾರೆ. ಗುಂಡು ತೂಗಾಡಿ ನಿಧಾನವಾಗಿ ನಿಲ್ಲುತ್ತದೆ. ಅವರು ಸುತ್ತಿಗೆಯನ್ನು ಎತ್ತಿಕೊಂಡು, ಮತ್ತೆ ಕೆಳಗಿಡುತ್ತಾರೆ.

"ಯಾಕಪ್ಪ, ಏನಾಯ್ತು?"

"ಏನೂ ಅಡ್ಡ ಬರಲ್ಲ ಕಣಮ್ಮ."

ದಾರ ಎರಡು ಬಾಲಗಳ ನಡುವೆ ಇಳಿದಿದೆ. ಕೊಕ್ಕು, ಎದೆ ಎಲ್ಲ ಆಚೆ ಈಚೆ ದೂರದಲ್ಲಿ. ನಡುವೆ ಇರುವುದು ಬರೀ ಚಪ್ಪಟೆ ಗೋಡೆ. ಕಂಬಿ ಅಲ್ಲಿ ಆರಾಮಾಗಿ ನಿಲ್ಲುತ್ತದೆ. ಸರಿಯಾಗಿ ಕೂತ ಹಕ್ಕಿಗಳೆಲ್ಲ ಹೋದವು. ತಪ್ಪಾಗಿ ಕೂತ ಎರಡು ಉಳಿದವು.

ಅವರು ಕಂಬಿ ನಿಲ್ಲಿಸುತ್ತಾರೆ. ಹಳೆಯ ಬಟ್ಟೆಯ ತುದಿಯಿಂದ ಎರಡೂ ಹಕ್ಕಿಗಳ ಧೂಳು ಒರೆಸುತ್ತಾರೆ, ಮಕ್ಕಳ ಮೂತಿ ಒರೆಸಿದಂತೆ. ಆಮೇಲೆ ಹಲಗೆ. ಬೆಳಕು ಮೊದಲು ಎಡದ ಹಕ್ಕಿಯಿಂದ, ಆಮೇಲೆ ಬಲದ ಹಕ್ಕಿಯಿಂದ ಸರಿಯುತ್ತದೆ. ಕೊನೆಯ ತಿರುಪು ಬಿಗಿಯುವಾಗ ಅವರು ಆಚೆ ಮುಖ ಮಾಡುತ್ತಾರೆ. ಈಗ ಬೀದಿಗೆ ಕಾಣುವುದು ಬೂದು ಬಣ್ಣದ ನುಣುಪು ಮಾತ್ರ.

ಇಳಿದು ಬಂದು ಪಾದಚಾರಿ ದಾರಿಯ ಅಂಚಿನಲ್ಲಿ ಕೂರುತ್ತಾರೆ. ಮಗಳು ಬುತ್ತಿಯ ಮುಚ್ಚಳ ತೆಗೆಯುತ್ತಾಳೆ. ಇಬ್ಬರೂ ತಿನ್ನುವುದಿಲ್ಲ.

"ಅಪ್ಪ, ಮುಂದೆ ಯಾವತ್ತಾದ್ರೂ ಇದನ್ನ ಬಿಚ್ಚಿದೋರು, ಇಡೀ ಜೋಡಿ ಉಳಿದಿರೋದು ಇದೊಂದೇ ಅಂತ ಇದನ್ನೇ ನೋಡ್ಕೊಂಡು ಎಲ್ಲಾನೂ ಬೆನ್ನು ಹಾಕಿ ಕೂರಿಸ್ತಾರೆ. ಅಮ್ಮ ಮಾಡಿದ್ದೇ ಸರಿ ಅಂತಾರೆ!"

"ಮನೇಲೂ ಅವಳು ಮಾಡಿದ್ದೇ ಸರಿ ತಾನೇ," ಅನ್ನುತ್ತಾರೆ. ಕಣ್ಣು ಒರೆಸಿಕೊಳ್ಳುತ್ತಾರೆ. ಕೈಯ ಸುಣ್ಣ ಕೆನ್ನೆಗೆ ಹತ್ತುತ್ತದೆ.

ನಿಮಗೇನು ಆಸೆ ಎಂದು ಕೇಳಿದರೆ ಮೇಲಿನ ಬೂದು ಹಲಗೆಯತ್ತ ಕೈ ತೋರಿಸುತ್ತಾರೆ.

"ಬಿಚ್ಚೋ ಪುಣ್ಯಾತ್ಮರು ಚೀಲ ನೋಡ್ಲಿ. ಎಲ್ಲಾ ಚೂರೂ ಅದ್ರಲ್ಲೇ ಇದೆ, ಅಂಟಿಸ್ಲಿ. ಆದ್ರೆ ಈ ಎರಡನ್ನ ಮಾತ್ರ ತಿರುಗಿಸೋಕೆ ಹೋಗ್ಬೇಡಿ ಅಂತ ಬರೀರಮ್ಮ. ಅವು ಮುನಿಸ್ಕೊಂಡಿಲ್ಲ. ಹಾಗೆ ಕೂತಿದ್ದಕ್ಕೇ ಉಳ್ಕೊಂಡಿವೆ."