ನಾನು ಹೆಸರಿಟ್ಟ ಕಾಲುದಾರಿ

ಉಪಯೋಗಿಸದ ಸೈಕಲ್ಲುಗಳನ್ನು ಪಾರ್ಕಿಂಗಿನಿಂದ ತೆಗೆಯಬೇಕೆಂದು ನಮ್ಮ ಸೊಸೈಟಿಯವರು ಲಿಫ್ಟಿನ ಪಕ್ಕ ನೋಟೀಸು ಅಂಟಿಸಿದ್ದಾರೆ. ನಿನ್ನೆ ಬೆಳಿಗ್ಗೆ ನನ್ನದನ್ನು ಹೊರಗೆಳೆದೆ. ದಪ್ಪ ಟೈರಿನ ಸಂದುಗಳಿಂದ ಒಣಗಿದ ಕೆಂಪು ಮಣ್ಣು ಉದುರಿತು. "ಕಚರಾ ಮತ್ ಕರೋ, ಸಾಬ್," ಎಂದು ವಾಚ್‌ಮನ್ ಗೊಣಗಿದ. ಮುಂಬಯಿಯ ಈ ಕಾಂದಿವಲಿಯ ಹಿಂದಿನ ಕಾಡಿನ ಮಣ್ಣು ಅದು. ಆ ಕಾಡಿನ ದಾರಿ ಈಗ ಮುಚ್ಚಿದೆ, ಮುಚ್ಚಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಎಷ್ಟೇ ನಯವಾಗಿ ಮಾತಾಡಿದರೂ ನೀವು ಮೋಸಹೋಗಬಾರದು.

ಬ್ಯಾಂಕಿನಿಂದ ಅವಧಿಗೆ ಮೊದಲೇ ನಿವೃತ್ತಿ ತಗೊಂಡು ಮನೆಯಲ್ಲಿ ಕೂತಿದ್ದೆ. ಸಕ್ಕರೆ ಕಾಯಿಲೆ ಬಂತು, ಡಾಕ್ಟರು ಬೈದರು, ಗುಡ್ಡ ಹತ್ತುವ ಗೇರ್ ಸೈಕಲ್ಲು ಕೊಂಡೆ. ಅದರ ಜೊತೆಗೆ ಕುಂಡೆಗೆ ಮೆತ್ತೆ ಇರುವ ಚಡ್ಡಿಯನ್ನೂ ಕೊಂಡೆ. ಆ ಚಡ್ಡಿಯ ಮೇಲೆ ನನ್ನ ಹೊಟ್ಟೆ ಕೂರುವ ಚಂದ ನೋಡಿ ಇಡೀ ಬಿಲ್ಡಿಂಗು ನಕ್ಕಿತು. ನಗದೇ ಇದ್ದವನು ಸುಧಾಕರಣ್ಣ ಒಬ್ಬನೇ. ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲ್ಲಿನ ಮ್ಯಾನೇಜರ್ ಅವನು. ಅವನಿಗೂ ಸೈಕಲ್ಲಿನ ಹುಚ್ಚು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಹೋಟೆಲ್ಲಿನವರಿಗೆ ಎರಡು ಗಂಟೆ ಬಿಡುವು. ಮಿಕ್ಕವರು ಅಟ್ಟದ ಮೇಲೆ ಚಾಪೆ ಹಾಸಿದರೆ ಇವನು ಸೈಕಲ್ಲು ಹತ್ತುತ್ತಿದ್ದ. "ಗಲ್ಲಾದಲ್ಲಿ ಕೂತು ಕೂತು ಬೆನ್ನು ಹಲಗೆ ಆಯ್ತು ಮಾರಾಯ್ರೆ," ಅನ್ನುತ್ತಿದ್ದ. "ಕಾಡಿನೊಳಗೆ ಹೋದ್ರೆ ಮಾತ್ರ ನಾನೂ ಒಂದು ಜೀವ ಅಂತ ಗೊತ್ತಾಗುದು."

ಕಾಡಿನ ಕಾಂಪೌಂಡ್ ಗೋಡೆಯಲ್ಲಿ ಒಂದು ಕಂಡಿಯಿತ್ತು. ಒಳಗಿನ ಪಾಡಾದ, ಅಂದರೆ ಆದಿವಾಸಿ ಹಾಡಿಯ, ಹೆಂಗಸರು ಅದರಲ್ಲಿ ನುಸುಳಿ ಮಾರ್ಕೆಟ್ಟಿಗೆ ಸೊಪ್ಪು ಹೊತ್ತು ಬರುತ್ತಿದ್ದರು. ಅವರ ಕಾಲುಗಳೇ ಸವೆಸಿದ ದಾರಿ. ನಾವಿಬ್ಬರು ಅದರ ಮೇಲೆ ಚಕ್ರ ಉರುಳಿಸಿದವರು, ಅಷ್ಟೆ. ಸೈಕಲ್ಲಿಗೆ ಅಲ್ಲಿ ಪರವಾನಗಿ ಇರಲಿಲ್ಲ. ಅರಣ್ಯ ಇಲಾಖೆಯ ಗಾರ್ಡ್ ಕಂಡೂ ಕಾಣದವನಂತೆ ಇರುತ್ತಿದ್ದ. ಸುಧಾಕರಣ್ಣನದು ಒಂದೇ ನಿಯಮ: ತಲೆಯ ಮೇಲೆ ಹೊರೆ ಇದ್ದವರು ಎದುರಾದರೆ ಇಳಿದು, ಸೈಕಲ್ಲನ್ನು ಪೊದೆಯೊಳಗೆ ಒತ್ತಿ ನಿಲ್ಲಬೇಕು. ಹಾಗೆ ನಿಂತು ನಿಂತೇ ಸೋಮಿಬಾಯಿಯ ಪರಿಚಯವಾಯಿತು. ಅರವತ್ತು ದಾಟಿದ ಸಣಕಲು ಹೆಂಗಸು. ಮಳೆಗಾಲದಲ್ಲಿ ಆಕೆಯ ಹೊರೆಯಲ್ಲಿ ಟಾಕಳಾ ಸೊಪ್ಪು ಕಂಡು ಸುಧಾಕರಣ್ಣ ಕುಣಿದಾಡಿಬಿಟ್ಟ. "ಅಯ್ಯೋ, ಇದು ನಮ್ಮ ತಜಂಕ್ ಮಾರಾಯ್ರೆ! ಆಟಿ ತಿಂಗಳಲ್ಲಿ ಅಮ್ಮ ಇದರ ಅಂಬಡೆ ಮಾಡ್ತಿದ್ರು." ಆ ಸಂಜೆ ಹೋಟೆಲ್ಲಿನ ಅಡುಗೆಮನೆಯಲ್ಲಿ ಅವನೇ ನಿಂತು ಕರಿದ ಬಿಸಿ ಅಂಬಡೆಯನ್ನು ಸಕ್ಕರೆ ಕಾಯಿಲೆ ಮರೆತು ತಿಂದೆ. ಅಷ್ಟು ಸುಖವಾಗಿದ್ದೆ ನೋಡಿ ನಾನು.

ಸುಖವಾಗಿದ್ದರೆ ಸುಮ್ಮನಿರಬೇಕಿತ್ತು. ಸವಾರಿಯ ದಾರಿಯನ್ನು ನಕ್ಷೆ ಮಾಡಿ ಜಗತ್ತಿಗೆಲ್ಲ ತೋರಿಸುವ ಒಂದು ಆ್ಯಪ್ ನನ್ನ ಮೊಬೈಲಿನಲ್ಲಿತ್ತು. ಸುಧಾಕರಣ್ಣ ಮೊದಲ ದಿನವೇ ಎಚ್ಚರಿಸಿದ್ದ: "ಇದನ್ನು ಅದಕ್ಕೆ ಹಾಕ್ಬೇಡಿ. ನಾಳೆ ಇಲ್ಲಿ ಜಾತ್ರೆ ಆಗ್ತದೆ." ನಾನು, "ಏ, ನಾ ಯಾಕ್ ಹಾಕ್ಲಿ ಬಿಡ್ರಿ," ಅಂದೆ. ಅಂದು ಹದಿನೈದು ದಿನವಾಗಿರಲಿಲ್ಲ, ಹಾಕಿದೆ. ಅದಕ್ಕೊಂದು ಹೆಸರು ಬೇರೆ: ಧಾರವಾಡ ಇಳಿಜಾರು! ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ನನ್ನ ಊರನ್ನು ಇಲ್ಲಿ ಯಾರೂ ವಿಚಾರಿಸಿರಲಿಲ್ಲ; ಆ ಕೊರಗನ್ನೆಲ್ಲ ಪಾಪದ ಹೆಂಗಸರ ಕಾಲುದಾರಿಯ ಮೇಲೆ ತೀರಿಸಿಕೊಂಡೆ. ಊರಿನ ತಮ್ಮಂದಿರು, ಭಾವಂದಿರು ಶಹಬ್ಬಾಸ್ ಎಂದು ಬರೆದರು. ಕೋಡಗನಂತೆ ಹಿಗ್ಗಿದೆ.

ಮುಂದಿನದು ಬೇಗ ಬೇಗ ಆಗಿಹೋಯಿತು. ಭಾನುವಾರಗಳಂದು ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿದವರ ದಂಡು ಬಂತು. ಹಾರಲಿಕ್ಕೆಂದು ಮಣ್ಣು ಅಗೆದು ದಿಬ್ಬ ಮಾಡಿದರು, ಅಡ್ಡ ಬಂದ ಬೇರು ಕಡಿದರು. ಹೊರೆ ಕಂಡರೆ ಇಳಿದು ನಿಲ್ಲಬೇಕೆಂದು ಅವರಿಗೆ ಯಾರು ಹೇಳಬೇಕು? ಆ್ಯಪಿನಲ್ಲಿ ನಾನು ಅದನ್ನು ಬರೆದಿರಲಿಲ್ಲ. ಒಂದು ದಿನ ಅವರಲ್ಲೊಬ್ಬ ಇಳಿಜಾರಿನಲ್ಲಿ ಸೋಮಿಬಾಯಿಗೆ ಗುದ್ದಿ ಕೆಡವಿದ. ಆಕೆಯ ಮೊಣಕೈ ಸುಲಿಯಿತು, ಸೊಪ್ಪೆಲ್ಲ ಚೆಲ್ಲಿತು. ಅವನ ಕ್ಯಾಮೆರಾದಲ್ಲಿ ಬಿದ್ದ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ವಾರದೊಳಗೆ ಇಲಾಖೆಯಿಂದ ಕಂಡಿಗೆ ಕಲ್ಲು, ಸಿಮೆಂಟು.

"ನಡೆಯುವವರಿಗಾದರೂ ಬಿಡಿ," ಎಂದು ಗಾರ್ಡ್‌ನನ್ನು ಬೇಡಿಕೊಂಡೆ.

"ಹೊರೆ ದಾಟುವ ಜಾಗದಲ್ಲಿ ಸೈಕಲ್ಲೂ ದಾಟ್ತದೆ, ಸಾಹೇಬ್," ಎಂದು ಹಿಂದಿಯಲ್ಲಿ ಅಂದ. ಅವನ ಮಾತು ಸುಳ್ಳಲ್ಲ.

ಸುಧಾಕರಣ್ಣ ನನ್ನ ಮೊಬೈಲು ಇಸಕೊಂಡು ನೋಡಿದ. "ನೀವೇ ಹಾಕಿದ್ದಾ?" ಎಂದಷ್ಟೇ ಕೇಳಿದ. ಹೌದೆಂದೆ. ಜಗಳವಾಡಲಿಲ್ಲ. ಮಧ್ಯಾಹ್ನಗಳಲ್ಲಿ ಈಗ ಅವನೂ ಅಟ್ಟದ ಮೇಲೆ ಚಾಪೆ ಹಾಸುತ್ತಾನೆ. ನಾನು ಹೋಟೆಲ್ಲಿಗೆ ಹೋದರೆ, "ಏನು ಬೇಕು ಸಾರ್?" ಅನ್ನುತ್ತಾನೆ. ಮಾರಾಯ್ರೆ ಹೋಗಿ ಸಾರ್ ಆದ ದಿನ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ನಿನ್ನೆ ಆ ಮಣ್ಣು ಗುಡಿಸಿ, ಸೈಕಲ್ಲನ್ನು ಗುಜರಿಯವನಿಗೆ ಕೊಟ್ಟು, ನೇರ ಮಾರ್ಕೆಟ್ಟಿಗೆ ನಡೆದೆ. ಎರಡು ವರ್ಷದಿಂದ ನಾನು ಬೇಕೆಂದೇ ತಪ್ಪಿಸಿಕೊಂಡಿದ್ದ ಮೂಲೆಯಲ್ಲಿ ಸೋಮಿಬಾಯಿ ಕೂತಿದ್ದಳು. ಮುಂದೆ ನಾಲ್ಕೇ ಕಟ್ಟು ಸೊಪ್ಪು. ಕಾಡು ಸುತ್ತಿ ಎರಡು ಬಸ್ಸು ಹಿಡಿಯಬೇಕಂತೆ. ದೊಡ್ಡ ಹೊರೆ ಬಸ್ಸಿಗೆ ಹತ್ತಿಸುವುದಿಲ್ಲವಂತೆ. ಸೊಸೆ ಈ ಕೆಲಸ ಬಿಟ್ಟು ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕಲು ಹೋಗುತ್ತಾಳಂತೆ.

ಬೈಸಿಕೊಳ್ಳಲೇಬೇಕೆಂದು ಹೋಗಿದ್ದೆ. ನನ್ನ ಮುರುಕು ಮರಾಠಿಯಲ್ಲಿ ಎಲ್ಲ ಹೇಳಿದೆ: ನಕ್ಷೆ ಹಾಕಿದ್ದು, ಹೆಸರಿಟ್ಟದ್ದು, ಅವರೆಲ್ಲ ಬಂದದ್ದು ನನ್ನಿಂದಲೇ ಎಂದು.

"ಪಾಪ, ನಿನ್ನ ದಾರಿಯೂ ಹೋಯಿತಲ್ಲ, ಸಾಹೇಬ," ಅಂದಳು.

ಹಾಗೆಂದು, ಇದ್ದ ನಾಲ್ಕು ಕಟ್ಟುಗಳಲ್ಲಿ ನಾನು ಒಂದನ್ನು ಎತ್ತಿಕೊಂಡರೆ ಇನ್ನೊಂದರಿಂದ ಹಿಡಿ ಸೊಪ್ಪು ಕಿತ್ತು ಚೀಲಕ್ಕೆ ಹಾಕಿದಳು. ಬೈಸಿಕೊಳ್ಳಲು ಹೋದವನು ಕೊಸರು ಇಸಕೊಂಡು ಮನೆಗೆ ಬಂದೆ.